ಚಿಪ್ ಓದುತ್ತದೆ, ಅರ್ಥ ಹೇಳುವುದು ದಾಖಲೆ: ಮಾಂಸದ ತಳಿಗಳ ಜೀನೋಮಿಕ್ ಆಯ್ಕೆಯಿಂದ ನಮ್ಮ ಜಾನುವಾರು ಪಾಲಕರು ಕಲಿಯಬೇಕಾದದ್ದು

2024ರ ಅಕ್ಟೋಬರ್ 5ರಂದು ಮಹಾರಾಷ್ಟ್ರದ ವಾಶಿಮ್‌ನಲ್ಲಿ ಪ್ರಧಾನಮಂತ್ರಿಯವರು ದನಗಳಿಗಾಗಿ ‘ಗೌ ಚಿಪ್’ ಮತ್ತು ಎಮ್ಮೆಗಳಿಗಾಗಿ ‘ಮಹಿಷ ಚಿಪ್’ ಎಂಬ ಜೀನೋಮಿಕ್ ಚಿಪ್‌ಗಳನ್ನು ಬಿಡುಗಡೆ ಮಾಡಿದರು. ಅದಕ್ಕೂ ಮೊದಲು, 2021ರ ಆಗಸ್ಟ್‌ನಲ್ಲಿ, ಹೈದರಾಬಾದಿನ ರಾಷ್ಟ್ರೀಯ ಪ್ರಾಣಿ ಜೈವಿಕ ತಂತ್ರಜ್ಞಾನ ಸಂಸ್ಥೆಯು 11,496 ಗುರುತುಬಿಂದುಗಳುಳ್ಳ ‘ಇಂಡಿಗೌ’ ಚಿಪ್ಪನ್ನು ಹೊರತಂದಿತ್ತು. ಅಂದಿನಿಂದ ‘ಜೀನೋಮಿಕ್ ಆಯ್ಕೆ’ ಎಂಬ ಮಾತು ಪಶುಪಾಲನಾ ತರಬೇತಿಗಳಲ್ಲಿಯೂ ವೀರ್ಯ ನಳಿಕೆಗಳ ಪ್ರಚಾರದಲ್ಲಿಯೂ ಕೇಳಿಬರುತ್ತಿದೆ. ಕರುವಿನ ಕಿವಿಯಿಂದ ತೆಗೆದ ಚಿಕ್ಕ ಚೂರು ಅಥವಾ ಬಾಲದ ಕೆಲವು ಕೂದಲುಗಳಿಂದ ಅದರ ಭವಿಷ್ಯವನ್ನು ಹೇಳಬಹುದೆಂದರೆ ರೈತರಲ್ಲಿ ಕುತೂಹಲವೂ ನಿರೀಕ್ಷೆಯೂ ಮೂಡುವುದು ಸಹಜವೇ.

ಈ ತಂತ್ರಜ್ಞಾನದಿಂದ ಏನು ಸಾಧ್ಯ, ಯಾವುದರ ಮೇಲೆ ಅದು ನಿಂತಿದೆ ಎಂಬುದನ್ನು ತಿಳಿಯಲು ಅದು ಅತ್ಯಂತ ಕಠಿಣ ಪರೀಕ್ಷೆಗೆ ಒಳಗಾದ ಕ್ಷೇತ್ರವನ್ನು ನೋಡುವುದು ಒಳಿತು. ಆ ಕ್ಷೇತ್ರ ಅಮೆರಿಕದ ಗೋಮಾಂಸ ತಳಿಗಳ ಅಭಿವೃದ್ಧಿ. ಅಲ್ಲಿನ ಮಾರುಕಟ್ಟೆ, ಕಾನೂನು, ಆಹಾರ ಪದ್ಧತಿಗಳು ನಮ್ಮವಲ್ಲ. ಆದರೆ ಅಲ್ಲಿನ ತಳಿ ವಿಜ್ಞಾನಿಗಳು ಎದುರಿಸಿದ ಸಮಸ್ಯೆಯೂ ಅದನ್ನು ಬಿಡಿಸಿಕೊಂಡ ಬಗೆಯೂ ನಮ್ಮ ಹಾಲಿನ ರಾಸುಗಳಿಗೆ ಮತ್ತು ಕುರಿ ಹಿಂಡುಗಳಿಗೆ ನೇರವಾಗಿ ಸಂಬಂಧಿಸುತ್ತವೆ.

ಜೀವಂತ ಪ್ರಾಣಿಯಲ್ಲಿ ಕಾಣದ ಗುಣ

ಪ್ರಾಣಿಯ ವಧೆಯ ನಂತರ ಚರ್ಮ, ತಲೆ, ಕಾಲುಗಳ ತುದಿ ಹಾಗೂ ಒಳಾಂಗಗಳನ್ನು ತೆಗೆದ ಮೇಲೆ ಉಳಿಯುವ ದೇಹಭಾಗಕ್ಕೆ ‘ಕಾರ್ಕಸ್’ ಎನ್ನುತ್ತಾರೆ. ಅದರ ತೂಕ, ಪಕ್ಕೆಲುಬಿನ ಬಳಿಯ ಬೆನ್ನು ಸ್ನಾಯುವಿನ ವಿಸ್ತೀರ್ಣ, ಬೆನ್ನಿನ ಮೇಲಿನ ಕೊಬ್ಬಿನ ದಪ್ಪ, ಸ್ನಾಯುವಿನ ಎಳೆಗಳ ನಡುವೆ ಹರಡಿರುವ ಕೊಬ್ಬು ಇವೇ ಮುಖ್ಯ ಕಾರ್ಕಸ್ ಗುಣಗಳು. ಅಮೆರಿಕದಲ್ಲಿ 12 ಮತ್ತು 13ನೆಯ ಪಕ್ಕೆಲುಬುಗಳ ನಡುವೆ ಕತ್ತರಿಸಿ ಈ ಅಳತೆಗಳನ್ನು ತೆಗೆದುಕೊಳ್ಳಲಾಗುತ್ತದೆ. ಸ್ನಾಯುವಿನೊಳಗಿನ ಕೊಬ್ಬು ಎಷ್ಟಿದೆ ಎಂಬುದರ ಮೇಲೆ ‘ಪ್ರೈಮ್’, ‘ಚಾಯ್ಸ್’, ‘ಸೆಲೆಕ್ಟ್’ ಎಂಬ ದರ್ಜೆಗಳೂ, ದರ್ಜೆಯ ಮೇಲೆ ಬೆಲೆಯೂ ನಿರ್ಧಾರವಾಗುತ್ತವೆ.

ಈ ಗುಣಗಳ ಅನುವಂಶೀಯತೆ ಸಾಮಾನ್ಯವಾಗಿ 0.3ರಿಂದ 0.5ರಷ್ಟಿರುತ್ತದೆ. ಅಂದರೆ ಒಂದೇ ವಾತಾವರಣದಲ್ಲಿ ಬೆಳೆದ ಪ್ರಾಣಿಗಳ ನಡುವೆ ಕಾಣುವ ವ್ಯತ್ಯಾಸದಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಸಂತತಿಗೆ ಸಾಗುವ ವಂಶಗುಣದಿಂದ ಬಂದದ್ದು. ಹಸುಗಳ ಗರ್ಭಧಾರಣಾ ಗುಣಗಳಲ್ಲಿ ಇದು ಬಹುತೇಕ 0.1ಕ್ಕಿಂತಲೂ ಕಡಿಮೆ. ಹೀಗಿರುವಾಗ ಕಾರ್ಕಸ್ ಗುಣಗಳನ್ನು ಆಯ್ಕೆಯಿಂದ ಸುಧಾರಿಸುವುದು ಸುಲಭವಾಗಬೇಕಿತ್ತು. ತೊಡಕು ಇರುವುದು ಬೇರೆಡೆ. ಗುಣವನ್ನು ಅಳೆಯಬೇಕಾದರೆ ಪ್ರಾಣಿಯನ್ನು ಕೊಲ್ಲಬೇಕು. ಕೊಂದ ಹೋರಿಯಿಂದ ಸಂತತಿ ಪಡೆಯಲಾಗದು.

ಇದಕ್ಕೆ ಹಳೆಯ ಪರಿಹಾರ ಸಂತತಿ ಪರೀಕ್ಷೆ. ಎಳೆಯ ಹೋರಿಯ ವೀರ್ಯದಿಂದ ಹಲವು ಕರುಗಳನ್ನು ಪಡೆದು, ಬೆಳೆಸಿ, ವಧೆಯ ನಂತರ ಅವುಗಳ ಕಾರ್ಕಸ್ ಅಳೆದು, ಆ ದಾಖಲೆಗಳಿಂದ ತಂದೆಯ ಯೋಗ್ಯತೆಯನ್ನು ತೀರ್ಮಾನಿಸುವ ಕ್ರಮವಿದು. ಫಲಿತಾಂಶ ನಂಬಲರ್ಹವಾದುದೇ, ಆದರೆ ಅದು ಕೈಗೆ ಬರುವ ಹೊತ್ತಿಗೆ ಹೋರಿಗೆ ಮೂರೂವರೆ ವರ್ಷವಾದರೂ ಕಳೆದಿರುತ್ತದೆ. ಅನಂತರ ಬಂದ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ವರ್ಷದ ಹೋರಿಯಲ್ಲಿಯೇ ಬೆನ್ನು ಸ್ನಾಯುವನ್ನೂ ಕೊಬ್ಬನ್ನೂ ನೋಡಲು ಅವಕಾಶ ಮಾಡಿಕೊಟ್ಟು ಸಮಸ್ಯೆಯನ್ನು ಸ್ವಲ್ಪ ಹಗುರಗೊಳಿಸಿತು, ಪೂರ್ಣವಾಗಿ ನಿವಾರಿಸಲಿಲ್ಲ.

ಹಾಲಿನ ರಾಸುಗಳನ್ನು ಸಾಕುವ ನಿಮಗೆ ಈ ತೊಡಕು ಹೊಸದಲ್ಲ. ಹೋರಿ ಹಾಲು ಕೊಡುವುದಿಲ್ಲ. ಅದರ ಹೆಣ್ಣು ಕರುಗಳು ದೊಡ್ಡವಾಗಿ, ಈದು, ಕರೆಯುವವರೆಗೂ ಅದರ ಬೆಲೆ ತಿಳಿಯದು. ಕಾರ್ಕಸ್ ಗುಣ ಮತ್ತು ಹಾಲಿನ ಗುಣ ಎರಡಕ್ಕೂ ತಳಿ ವಿಜ್ಞಾನದಲ್ಲಿ ಇರುವ ಅಡ್ಡಿ ಒಂದೇ: ಆರಿಸಬೇಕಾದ ಪ್ರಾಣಿಯಲ್ಲಿ ಅಳೆಯಬೇಕಾದ ಗುಣ ಕಾಣಸಿಗುವುದಿಲ್ಲ.

ಜೀನೋಮಿಕ್ ಮುನ್ನಂದಾಜು ಕೆಲಸ ಮಾಡುವ ಬಗೆ

ದನದ ದೇಹದ ಪ್ರತಿ ಜೀವಕೋಶದಲ್ಲಿ 30 ಜೊತೆ ವರ್ಣತಂತುಗಳಿವೆ. ಅವುಗಳ ಮೇಲಿನ ಡಿಎನ್‌ಎ ಬರಹದಲ್ಲಿ ಒಂದು ಪ್ರಾಣಿಗೂ ಇನ್ನೊಂದು ಪ್ರಾಣಿಗೂ ಅಲ್ಲಲ್ಲಿ ಒಂದೊಂದು ಅಕ್ಷರದ ವ್ಯತ್ಯಾಸವಿರುತ್ತದೆ. ಇಂತಹ ವ್ಯತ್ಯಾಸದ ಸ್ಥಾನಗಳೇ ಗುರುತುಬಿಂದುಗಳು. ‘ಚಿಪ್’ ಎಂದರೆ ಸಾವಿರಾರು ಗುರುತುಬಿಂದುಗಳಲ್ಲಿ ಯಾವ ಅಕ್ಷರವಿದೆ ಎಂಬುದನ್ನು ಒಂದೇ ಬಾರಿಗೆ ಓದುವ ಸಣ್ಣ ಗಾಜಿನ ಫಲಕ. ಅದನ್ನು ಪ್ರಾಣಿಯ ದೇಹದೊಳಗೆ ಅಳವಡಿಸುವುದಿಲ್ಲ, ಪ್ರಯೋಗಾಲಯದಲ್ಲಿ ಬಳಸುತ್ತಾರೆ. ಈ ತಪ್ಪು ತಿಳಿವಳಿಕೆ ಹಳ್ಳಿಗಳಲ್ಲಿ ಹರಡದಂತೆ ವಿಸ್ತರಣಾ ಕಾರ್ಯಕರ್ತರು ಗಮನ ಹರಿಸಬೇಕು.

ಹಾಲಿನ ಇಳುವರಿ, ದೇಹತೂಕ, ಮಾಂಸದೊಳಗಿನ ಕೊಬ್ಬು ಮುಂತಾದ ಗುಣಗಳನ್ನು ಒಂದೆರಡು ವಂಶವಾಹಿಗಳು ನಿರ್ಧರಿಸುವುದಿಲ್ಲ. ಸಾವಿರಾರು ವಂಶವಾಹಿಗಳು ಹನಿಹನಿಯಾಗಿ ಪ್ರಭಾವ ಬೀರುತ್ತವೆ. 2001ರಲ್ಲಿ ಮ್ಯೂವಿಸ್ಸನ್, ಹೇಯ್ಸ್ ಮತ್ತು ಗೊಡ್ಡಾರ್ಡ್ ಎಂಬ ವಿಜ್ಞಾನಿಗಳು ಒಂದು ಹೊಸ ದಾರಿಯನ್ನು ತೋರಿಸಿದರು. ಪ್ರಮುಖ ವಂಶವಾಹಿಯನ್ನು ಹುಡುಕುತ್ತ ಕೂರುವ ಬದಲು, ಇಡೀ ಜೀನೋಮಿನಾದ್ಯಂತ ಹರಡಿದ ಎಲ್ಲ ಗುರುತುಬಿಂದುಗಳ ಪ್ರಭಾವವನ್ನೂ ಏಕಕಾಲದಲ್ಲಿ ಅಂದಾಜಿಸಿ ಕೂಡಿಸಿದರೆ ಪ್ರಾಣಿಯ ಒಟ್ಟು ತಳಿ ಮೌಲ್ಯ ದೊರೆಯುತ್ತದೆ ಎಂಬುದು ಅವರ ಪ್ರತಿಪಾದನೆ. ಆಗ ಇದಕ್ಕೆ ಬೇಕಾದ ಉಪಕರಣವಿರಲಿಲ್ಲ. ದನದ ಸುಮಾರು 50,000 ಗುರುತುಬಿಂದುಗಳನ್ನು ಓದುವ ಚಿಪ್ ಬಂದ ಮೇಲೆ, 2009ರ ಜನವರಿಯಲ್ಲಿ ಅಮೆರಿಕದ ಕೃಷಿ ಇಲಾಖೆ ಹೋಲ್‌ಸ್ಟೀನ್ ಮತ್ತು ಜೆರ್ಸಿ ತಳಿಗಳಿಗೆ ಅಧಿಕೃತ ಜೀನೋಮಿಕ್ ಮೌಲ್ಯಮಾಪನವನ್ನು ಆರಂಭಿಸಿತು. ಹೆರೆಫರ್ಡ್ ಎಂಬ ಮಾಂಸದ ತಳಿಯ ಹಸುವೊಂದರಿಂದ ಓದಿದ ದನದ ಸಂಪೂರ್ಣ ಜೀನೋಮ್ ಪ್ರಕಟವಾದದ್ದೂ ಅದೇ ವರ್ಷ.

ಈ ಲೆಕ್ಕದ ತಿರುಳು ‘ಆಧಾರ ಸಮೂಹ’ದಲ್ಲಿದೆ. ಡಿಎನ್‌ಎ ಮಾಹಿತಿ ಮತ್ತು ನಿಜವಾಗಿ ಅಳೆದ ಗುಣ ಎರಡೂ ಗೊತ್ತಿರುವ ಸಾವಿರಾರು ಪ್ರಾಣಿಗಳ ಗುಂಪೇ ಆಧಾರ ಸಮೂಹ. ಯಾವ ಗುರುತುಬಿಂದುವಿನಲ್ಲಿ ಯಾವ ಅಕ್ಷರವಿದ್ದರೆ ಗುಣ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂಬುದನ್ನು ಈ ಗುಂಪಿನಿಂದ ಕಲಿಯಬೇಕು. ಕಲಿತ ನಂತರ, ಗುಣವನ್ನು ಇನ್ನೂ ಅಳೆಯದ ಎಳೆಗರುವಿನ ಡಿಎನ್‌ಎಗೆ ಆ ಸೂತ್ರವನ್ನು ಅನ್ವಯಿಸಬಹುದು. ಚಿಪ್ ಅಕ್ಷರಗಳನ್ನು ಮಾತ್ರ ಓದುತ್ತದೆ. ಆ ಅಕ್ಷರಗಳಿಗೆ ಅರ್ಥ ಕೊಡುವುದು ದಾಖಲೆ.

ಆಂಗಸ್ ತಳಿಯ ಅನುಭವ

ಅಮೆರಿಕದ ಆಂಗಸ್ ತಳಿ ಸಂಘವು 2009ರ ಹೊತ್ತಿಗೆ ಜೀನೋಮಿಕ್ ಮಾಹಿತಿಯನ್ನು ತನ್ನ ತಳಿ ಮೌಲ್ಯಗಳಲ್ಲಿ ಸೇರಿಸತೊಡಗಿತು. 2017ರಲ್ಲಿ ವಂಶಾವಳಿ, ಅಳತೆ, ಡಿಎನ್‌ಎ ಮೂರನ್ನೂ ಒಂದೇ ಗಣನೆಯಲ್ಲಿ ಬೆರೆಸುವ ‘ಏಕಹಂತ’ ವಿಧಾನಕ್ಕೆ ಬದಲಾಯಿಸಿಕೊಂಡಿತು. ಆ ತಳಿಯಲ್ಲಿ ಡಿಎನ್‌ಎ ಪರೀಕ್ಷೆಗೆ ಒಳಗಾದ ಪ್ರಾಣಿಗಳ ಸಂಖ್ಯೆ ಈಗ 10 ಲಕ್ಷವನ್ನು ಮೀರಿದೆ. ಆಗತಾನೆ ಹುಟ್ಟಿದ ಆಂಗಸ್ ಕರುವಿನ ಪರೀಕ್ಷೆಯು ಕಾರ್ಕಸ್ ಗುಣಗಳ ಬಗ್ಗೆ ಕೊಡುವ ಮಾಹಿತಿ, ಅದೇ ಕರು ಬೆಳೆದು ಹತ್ತಕ್ಕೂ ಹೆಚ್ಚು ಸಂತತಿಗಳ ಅಳತೆಯಾದ ನಂತರ ಸಿಗುವ ಮಾಹಿತಿಗೆ ಸಮವೆಂದು ಅಂದಾಜಿಸಲಾಗಿದೆ.

ಈ ಯಶಸ್ಸಿನ ಹಿಂದೆ ಮೂರು ಸಂಗತಿಗಳಿವೆ. ಮೊದಲನೆಯದು, ಚಿಪ್ ಬರುವುದಕ್ಕೂ ದಶಕಗಳ ಮೊದಲೇ ಅಲ್ಲಿನ ತಳಿಗಾರರು ಹುಟ್ಟುತೂಕ, ಹಾಲು ಬಿಡಿಸಿದಾಗಿನ ತೂಕ, ವರ್ಷದ ತೂಕ, ಸ್ಕ್ಯಾನಿಂಗ್ ಅಳತೆಗಳನ್ನು ಬರೆದಿಡುತ್ತಿದ್ದರು. ಎರಡನೆಯದು, ವಧಾಗಾರದಲ್ಲಿ ಅಳೆದ ಮಾಹಿತಿ ಪ್ರಾಣಿಯ ಗುರುತಿನ ಸಂಖ್ಯೆಯೊಂದಿಗೆ ತಳಿ ಸಂಘಕ್ಕೆ ಹಿಂದಿರುಗಿ ಬರುವ ವ್ಯವಸ್ಥೆ ಇತ್ತು. ಮೂರನೆಯದು, ಗುಣಕ್ಕೆ ಬೆಲೆ ಇತ್ತು. 1978ರಲ್ಲಿ ಆರಂಭವಾದ ‘ಸರ್ಟಿಫೈಡ್ ಆಂಗಸ್ ಬೀಫ್’ ಎಂಬ ಮಾರುಕಟ್ಟೆ ಗುರುತು, ನಿಗದಿತ ಗುಣಮಟ್ಟ ಮುಟ್ಟಿದ ಮಾಂಸಕ್ಕೆ ಹೆಚ್ಚುವರಿ ದರ ಸಿಗುವಂತೆ ಮಾಡಿತು. ಬೆಲೆ ಸಿಗದ ಗುಣವನ್ನು ಯಾವ ರೈತನೂ ಬಹುಕಾಲ ಅಳೆಯುವುದಿಲ್ಲ.

ಅಮೆರಿಕದಲ್ಲಿ ಅತ್ಯುನ್ನತವಾದ ‘ಪ್ರೈಮ್’ ದರ್ಜೆ ಪಡೆಯುವ ಕಾರ್ಕಸ್‌ಗಳು ಈ ಶತಮಾನದ ಆರಂಭದಲ್ಲಿ ಶೇ. 3ರ ಆಸುಪಾಸಿನಲ್ಲಿದ್ದವು; ಈಚಿನ ವರ್ಷಗಳಲ್ಲಿ ಶೇ. 10ರ ಆಸುಪಾಸಿಗೆ ಬಂದಿವೆ. ಈ ಏರಿಕೆಯೆಲ್ಲವೂ ಜೀನೋಮಿಕ್ ಆಯ್ಕೆಯ ಫಲವೆಂದು ಹೇಳುವುದು ಸರಿಯಲ್ಲ. ಹೆಚ್ಚು ದಿನ ಧಾನ್ಯದ ಆಹಾರ ನೀಡಿದ್ದು, ಆಂಗಸ್ ರಕ್ತಾಂಶ ಹೆಚ್ಚಿದ್ದು, ದರ್ಜೆ ನಿರ್ಧಾರಕ್ಕೆ ಕ್ಯಾಮೆರಾ ಬಂದದ್ದು ಇವೆಲ್ಲವೂ ಇದರಲ್ಲಿ ಪಾಲು ಪಡೆದಿವೆ. ತಳಿ ಮತ್ತು ಪೋಷಣೆ ಜೊತೆಯಾಗಿ ಸಾಗಿದಾಗಲೇ ಇಂತಹ ಬದಲಾವಣೆ ಸಾಧ್ಯವೆಂಬುದನ್ನು ಮರೆಯಬಾರದು.

ಲಾಭ ಸಮಯದಲ್ಲಿದೆ

ಜೀನೋಮಿಕ್ ಮುನ್ನಂದಾಜು ಸಂತತಿ ಪರೀಕ್ಷೆಗಿಂತ ನಿಖರವೆಂಬ ಭಾವನೆ ಹಲವರಲ್ಲಿದೆ. ವಾಸ್ತವ ಹಾಗಿಲ್ಲ. ಒಂದು ಉದಾಹರಣೆ ನೋಡಿ. ಅನುವಂಶೀಯತೆ 0.4 ಇರುವ ಗುಣದಲ್ಲಿ 20 ಸಂತತಿಗಳನ್ನು ಅಳೆದರೆ ತಂದೆಯ ತಳಿ ಮೌಲ್ಯದ ನಿಖರತೆ ಸುಮಾರು 0.83 ಆಗುತ್ತದೆ. ಒಳ್ಳೆಯ ಆಧಾರ ಸಮೂಹವಿರುವ ತಳಿಯಲ್ಲಿ ಎಳೆಗರುವಿನ ಜೀನೋಮಿಕ್ ನಿಖರತೆ 0.6 ಎಂದಿಟ್ಟುಕೊಳ್ಳೋಣ. ನಿಖರತೆಯಲ್ಲಿ ಹಳೆಯ ವಿಧಾನವೇ ಮುಂದಿದೆ. ಆದರೆ ಸಂತತಿ ಪರೀಕ್ಷೆ ಮುಗಿಸಿದ ಹೋರಿಯ ಮುಂದಿನ ಪೀಳಿಗೆ ಹುಟ್ಟುವಾಗ ಅದಕ್ಕೆ ಸುಮಾರು 5 ವರ್ಷ. ಡಿಎನ್‌ಎ ಆಧಾರದ ಮೇಲೆ ಆಯ್ಕೆಯಾದ ಹೋರಿಗೆ 2 ವರ್ಷ. ನಿಖರತೆಯನ್ನು ವರ್ಷಗಳಿಂದ ಭಾಗಿಸಿದರೆ ಮೊದಲನೆಯದು 0.17, ಎರಡನೆಯದು 0.30. ಉಳಿದೆಲ್ಲ ಅಂಶಗಳು ಸಮನಾಗಿದ್ದರೆ, ಹೋರಿಗಳ ಆಯ್ಕೆಯಿಂದ ವರ್ಷವೊಂದಕ್ಕೆ ಆಗುವ ಪ್ರಗತಿ ಹೆಚ್ಚುಕಡಿಮೆ 1.8 ಪಟ್ಟು.

ಹಾಲಿನ ತಳಿಯಲ್ಲಿ ಇದು ಕಾರ್ಯರೂಪದಲ್ಲಿಯೂ ಕಂಡುಬಂದಿದೆ. ಅಮೆರಿಕದ ಹೋಲ್‌ಸ್ಟೀನ್ ತಳಿಯಲ್ಲಿ ಹೋರಿಗಳ ತಂದೆಯ ಪೀಳಿಗೆಯ ಅಂತರ ಸುಮಾರು 7 ವರ್ಷಗಳಿಂದ ಎರಡೂವರೆ ವರ್ಷಕ್ಕಿಂತ ಕೆಳಗಿಳಿದಿದೆ. ಹಾಲಿನ ಇಳುವರಿಗೆ ಸಂಬಂಧಿಸಿದ ಗುಣಗಳ ವಾರ್ಷಿಕ ಪ್ರಗತಿ ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನವರೆಗೆ ಏರಿದೆ ಎಂದು 2016ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು.

ಗಮನಿಸಬೇಕಾದ ಮಿತಿಗಳು

ಒಂದು ತಳಿಯಲ್ಲಿ ಕಲಿತ ಸೂತ್ರ ಇನ್ನೊಂದು ತಳಿಗೆ ಸಲ್ಲುವುದಿಲ್ಲ. ಆಂಗಸ್‌ಗಾಗಿ ರೂಪಿಸಿದ ಮುನ್ನಂದಾಜು ಬ್ರಾಹ್ಮನ್ ತಳಿಯಲ್ಲಿ ಬಹುಮಟ್ಟಿಗೆ ವಿಫಲವಾಗುತ್ತದೆ. ಅಮೆರಿಕದ ಬ್ರಾಹ್ಮನ್ ತಳಿ ರೂಪುಗೊಂಡದ್ದು ನಮ್ಮ ದೇಶದಿಂದ ಹೋದ ಕಾಂಕ್ರೇಜ್, ಗಿರ್, ಓಂಗೋಲ್ ರಾಸುಗಳಿಂದ. ಉತ್ತರ ಕರ್ನಾಟಕದ ಕೃಷ್ಣಾ ತೀರದ ಕೃಷ್ಣಾ ವ್ಯಾಲಿ ತಳಿಯ ರಕ್ತವೂ ಅದರಲ್ಲಿ ಬೆರೆತಿದೆ. ಡುಬ್ಬವಿರುವ ಈ ರಾಸುಗಳೂ ಯುರೋಪಿನ ಡುಬ್ಬವಿಲ್ಲದ ರಾಸುಗಳೂ ಲಕ್ಷಾಂತರ ವರ್ಷಗಳ ಹಿಂದೆಯೇ ಬೇರ್ಪಟ್ಟ ಕವಲುಗಳು. ವಿದೇಶಿ ತಳಿಗಳ ವ್ಯತ್ಯಾಸಗಳನ್ನು ನೋಡಿ ಆರಿಸಿದ ಗುರುತುಬಿಂದುಗಳಲ್ಲಿ ಹಲವು ನಮ್ಮ ತಳಿಗಳಲ್ಲಿ ವ್ಯತ್ಯಾಸವನ್ನೇ ತೋರಿಸುವುದಿಲ್ಲ. ಇಂಡಿಗೌ, ಗೌ ಚಿಪ್ ಮುಂತಾದ ಸ್ವದೇಶಿ ಚಿಪ್‌ಗಳ ಅಗತ್ಯ ಉಂಟಾದದ್ದು ಈ ಕಾರಣದಿಂದ. ವಿದೇಶದಲ್ಲಿ ಉತ್ತಮ ಅಂಕ ಪಡೆದ ಹೋರಿಯ ವೀರ್ಯ ನಮ್ಮ ಬಿಸಿಲು, ಮೇವು, ರೋಗಗಳ ನಡುವೆ ಅದೇ ಫಲ ಕೊಡುತ್ತದೆಂಬ ಖಾತರಿಯೂ ಇಲ್ಲ.

ಒಂದು ಗುಣ ಏರಿದಾಗ ಇನ್ನೊಂದು ಇಳಿಯಬಹುದು. ಕಾರ್ಕಸ್ ತೂಕಕ್ಕಾಗಿಯೇ ಆಯ್ಕೆ ಮಾಡುತ್ತ ಹೋದರೆ ತಾಯಿ ಹಸುಗಳ ಗಾತ್ರವೂ ಹೆಚ್ಚಿ, ವರ್ಷವಿಡೀ ಅವುಗಳಿಗೆ ಬೇಕಾದ ಮೇವಿನ ಖರ್ಚು ಏರುತ್ತದೆ. ಆಸ್ಟ್ರೇಲಿಯದಲ್ಲಿ 2007ರಿಂದ ಕುರಿಗಳ ಮೇಲೆ ನಡೆದ ದೊಡ್ಡ ಪ್ರಮಾಣದ ಆಧಾರ ಹಿಂಡಿನ ಅಧ್ಯಯನಗಳು ಇಂತಹದೇ ಇನ್ನೊಂದು ಸಂಗತಿಯನ್ನು ತೋರಿಸಿದವು: ಕೊಬ್ಬಿಲ್ಲದ ಮಾಂಸದ ಪ್ರಮಾಣಕ್ಕೆ ಮಾತ್ರ ಒತ್ತು ಕೊಟ್ಟರೆ ಮಾಂಸದ ಮೃದುತ್ವ ಮತ್ತು ರುಚಿ ಕುಗ್ಗುತ್ತವೆ. ಆದ್ದರಿಂದ ಒಂದೇ ಅಂಕವನ್ನು ನೋಡಿ ಬೀಜದ ಪ್ರಾಣಿಯನ್ನು ಆರಿಸಬಾರದು.

ವೇಗಕ್ಕೂ ಬೆಲೆಯಿದೆ. ಎಲ್ಲರೂ ಅದೇ ಕೆಲವು ಹೋರಿಗಳನ್ನು ಬಳಸಿದರೆ ರಕ್ತಸಂಬಂಧದೊಳಗಿನ ಸಂಕರ ಬೇಗ ಹೆಚ್ಚುತ್ತದೆ. ಹೋಲ್‌ಸ್ಟೀನ್ ತಳಿಯಲ್ಲಿ, ತಂದೆ ತಾಯಿ ಇಬ್ಬರಿಂದಲೂ ಬಂದರೆ ಭ್ರೂಣವೇ ಸಾಯುವಂತಹ ಗುಪ್ತ ದೋಷಗಳು ಡಿಎನ್‌ಎ ಮಾಹಿತಿಯಿಂದಲೇ ಪತ್ತೆಯಾದವು. ಇಂತಹ ದೋಷವನ್ನು ಹೊತ್ತ ಎರಡು ಪ್ರಾಣಿಗಳನ್ನು ಕೂಡಿಸದಂತೆ ನೋಡಿಕೊಳ್ಳಲು ಅದೇ ಪರೀಕ್ಷೆ ನೆರವಾಗುತ್ತದೆ. ಅಪಾಯವನ್ನು ಹೆಚ್ಚಿಸಬಲ್ಲ ಸಾಧನವೇ ಅದನ್ನು ತಡೆಯಲೂ ಬಲ್ಲದು. ಬಳಸುವವರ ವಿವೇಕ ಮುಖ್ಯ.

ನಮ್ಮ ರಾಜ್ಯಕ್ಕೆ ಯಾವುದು ಅನ್ವಯ?

ಕರ್ನಾಟಕದಲ್ಲಿ ದನಗಳ ಕಾರ್ಕಸ್ ಸುಧಾರಣೆ ಚರ್ಚೆಯ ವಿಷಯವಲ್ಲ. ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮ, 2020 ಎಲ್ಲ ವಯಸ್ಸಿನ ಹಸು, ಕರು, ಹೋರಿ, ಎತ್ತುಗಳ ವಧೆಯನ್ನೂ 13 ವರ್ಷದೊಳಗಿನ ಎಮ್ಮೆ ಕೋಣಗಳ ವಧೆಯನ್ನೂ ನಿಷೇಧಿಸಿದೆ. ಇಲ್ಲಿ ದನ ಎಮ್ಮೆಗಳ ತಳಿ ಅಭಿವೃದ್ಧಿಯ ಗುರಿ ಹಾಲು, ಫಲವಂತಿಕೆ, ಆರೋಗ್ಯ ಮತ್ತು ದುಡಿಮೆ. ಜೀನೋಮಿಕ್ ಆಯ್ಕೆ ಈ ಗುರಿಗಳಿಗೂ ಅಷ್ಟೇ ಅನ್ವಯಿಸುತ್ತದೆ. ಮಾಂಸದ ಗುಣಕ್ಕಾಗಿ ತಳಿ ಸುಧಾರಿಸುವ ಪ್ರಶ್ನೆ ನಮ್ಮಲ್ಲಿ ಎದುರಾಗುವುದು ಮುಖ್ಯವಾಗಿ ಕುರಿ ಮತ್ತು ಮೇಕೆಗಳಲ್ಲಿ. 2019ರ ಜಾನುವಾರು ಗಣತಿಯಂತೆ ರಾಜ್ಯದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ. ಬನ್ನೂರು ಎಂದು ಹೆಸರಾದ ಮಂಡ್ಯ ತಳಿ, ಹಾಸನ, ಬಳ್ಳಾರಿ, ಕೆಂಗುರಿ, ಡೆಕ್ಕನಿ ಕುರಿಗಳೂ, ನಂದಿದುರ್ಗ ಮತ್ತು ಬೀದ್ರಿ ಮೇಕೆಗಳೂ ನಮ್ಮ ಆಸ್ತಿ. ಹಿಂದಿನಿಂದ ನೋಡಿದಾಗ ತಲೆಕೆಳಗಾದ ‘ಯು’ ಅಕ್ಷರದಂತೆ ತುಂಬಿಕೊಂಡು ಕಾಣುವ ಮಂಡ್ಯ ಕುರಿಯ ತೊಡೆಯ ರಚನೆಯೇ ಅದರ ಮಾಂಸ ಗುಣಕ್ಕೆ ಸಾಕ್ಷಿ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ‘ನಾರಿ ಸುವರ್ಣ’ ಕುರಿಗಳಲ್ಲಿ ಅವಳಿ ಮರಿಗಳು ಹೆಚ್ಚಾಗಿ ಹುಟ್ಟಲು ಗ್ಯಾರೋಲ್ ತಳಿಯಿಂದ ಬಂದ ‘ಫೆಕ್‌-ಬಿ’ ಎಂಬ ಒಂದೇ ವಂಶವಾಹಿ ಕಾರಣ. ಅದು ಇದೆಯೇ ಇಲ್ಲವೇ ಎಂಬುದನ್ನು ಒಂದು ಡಿಎನ್‌ಎ ಪರೀಕ್ಷೆ ಖಚಿತವಾಗಿ ಹೇಳುತ್ತದೆ. ಅದಕ್ಕೆ ಆಧಾರ ಸಮೂಹ ಬೇಡ. ಆದರೆ ಮರಿಯ ಬೆಳವಣಿಗೆ, ಮಾಂಸದ ಇಳುವರಿಯಂತಹ ಗುಣಗಳು ಬಹು ವಂಶವಾಹಿಗಳ ಕೂಡುಫಲ. ಒಂದೇ ಪರೀಕ್ಷೆಯಿಂದ ‘ತೂಕದ ಜೀನ್’ ತೋರಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಸಂಶಯದಿಂದ ನೋಡಿ.

ಹಿಂಡಿನಲ್ಲಿ ನಡೆಯುತ್ತಿರುವ ತಿರುಗು ಆಯ್ಕೆ

ಚಿಪ್ ಬರುವುದಕ್ಕೆ ಮೊದಲೇ ನಾವು ಸರಿಪಡಿಸಿಕೊಳ್ಳಬೇಕಾದ ವಿಷಯವೊಂದಿದೆ. ಬಕ್ರೀದ್, ಜಾತ್ರೆ, ಹಬ್ಬಗಳ ಮುನ್ನ ವ್ಯಾಪಾರಿ ಹಟ್ಟಿಗೆ ಬಂದಾಗ ಮೊದಲು ಕೈಯಿಡುವುದು ಚೆನ್ನಾಗಿ ಮೈದುಂಬಿದ ಗಂಡು ಮರಿಯ ಮೇಲೆ. ಹಣದ ಅಗತ್ಯವಿರುವ ಕುರಿಗಾಹಿ ಅದನ್ನು ಕೊಟ್ಟುಬಿಡುತ್ತಾನೆ. ಬೇಗ ಬೆಳೆದವು ಹೋಗಿ, ಹಿಂದುಳಿದವು ಉಳಿಯುತ್ತವೆ. ಉಳಿದವುಗಳಲ್ಲಿ ಒಂದು ಬೀಜದ ಟಗರಾಗುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಅದೂ ಒಂದು ತಳಿ ಆಯ್ಕೆಯೇ, ಆದರೆ ತಿರುಗು ದಿಕ್ಕಿನಲ್ಲಿ.

ಇದರ ನಷ್ಟವನ್ನು ಲೆಕ್ಕ ಹಾಕಿ ನೋಡೋಣ. ಆರು ತಿಂಗಳ ತೂಕದ ಅನುವಂಶೀಯತೆ 0.3 ಎಂದಿಟ್ಟುಕೊಳ್ಳಿ. ಹಿಂಡಿನ ಸರಾಸರಿಗಿಂತ 6 ಕೆ.ಜಿ. ಹೆಚ್ಚು ತೂಗುವ ಟಗರನ್ನು ಬೀಜಕ್ಕೆ ಬಿಟ್ಟರೆ ಅದರ ತಳಿ ಮೌಲ್ಯ 6 × 0.3 = 1.8 ಕೆ.ಜಿ. ಮರಿಗಳಿಗೆ ಅದರ ಅರ್ಧ ಸಾಗುವುದರಿಂದ ಪ್ರತಿ ಮರಿಗೆ ಸರಾಸರಿ 0.9 ಕೆ.ಜಿ. ಲಾಭ. ಅದರ ಬದಲು ಸರಾಸರಿಗಿಂತ 3 ಕೆ.ಜಿ. ಕಡಿಮೆ ತೂಗುವ ಟಗರು ಉಳಿದರೆ ಪ್ರತಿ ಮರಿಗೆ 0.45 ಕೆ.ಜಿ. ನಷ್ಟ. ಎರಡರ ನಡುವಿನ ಅಂತರ 1.35 ಕೆ.ಜಿ. ವರ್ಷಕ್ಕೆ 100 ಮರಿ ಹುಟ್ಟುವ ಹಿಂಡಿನಲ್ಲಿ ಇದು 135 ಕೆ.ಜಿ. ಜೀವತೂಕ. ನಿಮ್ಮ ಊರಿನ ದರದಿಂದ ಗುಣಿಸಿ ನೋಡಿ. ಒಂದು ಒಳ್ಳೆಯ ಗಂಡು ಮರಿಯನ್ನು ಮಾರದೆ ಉಳಿಸಿಕೊಂಡದ್ದರ ಬೆಲೆ ಅದು. ಇದಕ್ಕೆ ಬೇಕಾದದ್ದು ಒಂದು ತೂಗು ತಕ್ಕಡಿ ಮತ್ತು ಒಂದು ನೋಟ್‌ಬುಕ್.

ಅಮೆರಿಕದಲ್ಲಿ ವಧಾಗಾರದ ಅಳತೆ ತಳಿಗಾರನಿಗೆ ಹಿಂದಿರುಗಿತು. ನಮ್ಮಲ್ಲಿ ಮರಿ ಲಾರಿ ಹತ್ತಿದೊಡನೆ ಮಾಹಿತಿಯ ಎಳೆ ಕಡಿದುಹೋಗುತ್ತದೆ. ಕಣ್ಣಳತೆಯಲ್ಲಿ, ಬೆನ್ನು ಸೊಂಟ ಮುಟ್ಟಿ ನೋಡಿ ವ್ಯಾಪಾರ ನಡೆಯುವವರೆಗೆ ಯಾವ ಟಗರಿನ ಮರಿ ಎಷ್ಟು ಮಾಂಸ ಕೊಟ್ಟಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ತೂಕದ ಮೇಲೆ ಮಾರಾಟ, ಕಿವಿಯೋಲೆಯ ಸಂಖ್ಯೆಯೊಂದಿಗೆ ಮಾಂಸದ ತೂಕದ ದಾಖಲೆ ಇವೆರಡೂ ಜಾರಿಗೆ ಬಂದರೆ ಕುರಿಗಾಹಿಗೆ ನ್ಯಾಯವಾದ ಬೆಲೆಯೂ ತಳಿ ವಿಜ್ಞಾನಕ್ಕೆ ಆಧಾರ ಸಮೂಹವೂ ದೊರೆಯುತ್ತವೆ. ಕುರಿ ಸಾಕಾಣಿಕೆದಾರರ ಸಹಕಾರ ಸಂಘಗಳು ಮತ್ತು ರೈತ ಉತ್ಪಾದಕ ಸಂಸ್ಥೆಗಳು ಮುಂದಾಗಬೇಕಾದ ಕೆಲಸವಿದು.

ನೀವು ಇಂದಿನಿಂದಲೇ ಮಾಡಬಹುದಾದ ಕಾರ್ಯಗಳು

ಹಾಲಿನ ರಾಸು ಸಾಕುವವರು:

1. ಪ್ರತಿ ರಾಸಿಗೆ 12 ಅಂಕಿಗಳ ಕಿವಿಯೋಲೆ ಹಾಕಿಸಿ, ‘ಭಾರತ್ ಪಶುಧನ್’ ದತ್ತಾಂಶದಲ್ಲಿ ನೋಂದಾಯಿಸಿ. ಓಲೆ ಬಿದ್ದುಹೋದರೆ ತಡಮಾಡದೆ ತಿಳಿಸಿ.

2. ಕೃತಕ ಗರ್ಭಧಾರಣೆ ಮಾಡಿಸಿದ ದಿನ ವೀರ್ಯ ನಳಿಕೆಯ ಮೇಲಿನ ಹೋರಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ತಂದೆ ಯಾರೆಂದು ತಿಳಿಯದ ಕರು ಆಧಾರ ಸಮೂಹಕ್ಕೂ ಹೆಚ್ಚು ಉಪಯೋಗವಾಗದು, ರಕ್ತಸಂಬಂಧ ತಪ್ಪಿಸಲೂ ನೆರವಾಗದು.

3. ತಿಂಗಳಿಗೊಮ್ಮೆ ನಿಗದಿತ ದಿನ ಬೆಳಗ್ಗೆ ಮತ್ತು ಸಂಜೆಯ ಹಾಲನ್ನು ಪ್ರತ್ಯೇಕವಾಗಿ ಅಳೆದು ಬರೆಯಿರಿ. ನಿಮ್ಮ ಊರಿನಲ್ಲಿ ಹಾಲು ದಾಖಲಾತಿ ಯೋಜನೆ ನಡೆಯುತ್ತಿದ್ದರೆ ಅದರಲ್ಲಿ ಭಾಗವಹಿಸಿ.

ಕುರಿ ಮೇಕೆ ಸಾಕುವವರು:

1. ಮರಿ ಹುಟ್ಟಿದ ದಿನಾಂಕ, ತಾಯಿ, ಬಳಸಿದ ಟಗರು ಅಥವಾ ಹೋತ, ಒಂಟಿಯೋ ಅವಳಿಯೋ ಎಂಬುದನ್ನು ದಾಖಲಿಸಿ. ಹುಟ್ಟಿದಾಗ, 3 ತಿಂಗಳಿಗೆ ಮತ್ತು 6 ತಿಂಗಳಿಗೆ ತೂಗಿ.

2. ತೂಕ ಹೋಲಿಸುವಾಗ ಒಂದೇ ಋತುವಿನಲ್ಲಿ ಹುಟ್ಟಿ, ಒಂದೇ ಬಗೆಯ ಮೇವು ತಿಂದ ಮರಿಗಳನ್ನು ಮಾತ್ರ ಹೋಲಿಸಿ. ಅವಳಿ ಮರಿ ಒಂಟಿ ಮರಿಗಿಂತ ಹಗುರವಿರುವುದು ವಂಶದ ದೋಷವಲ್ಲ. ಅವಳಿಗಳಲ್ಲಿ ಚೆನ್ನಾಗಿ ಬೆಳೆದ ಗಂಡು ಮರಿ ಬೀಜಕ್ಕೆ ವಿಶೇಷವಾಗಿ ಯೋಗ್ಯ.

3. ಮಾರಾಟಕ್ಕೆ ಮೊದಲೇ ಉತ್ತಮ ಗಂಡು ಮರಿಗಳನ್ನು ಗುರುತಿಸಿ ಬಣ್ಣ ಹಾಕಿ. ಅವನ್ನು ವ್ಯಾಪಾರಿಗೆ ತೋರಿಸಬೇಡಿ.

4. ಒಂದೇ ಟಗರನ್ನು ಅದರ ಹೆಣ್ಣು ಮರಿಗಳು ಗರ್ಭಕ್ಕೆ ಬರುವವರೆಗೂ ಇಟ್ಟುಕೊಳ್ಳಬೇಡಿ. ನೆರೆಯ ಹಿಂಡಿನೊಂದಿಗೆ ಬದಲಾಯಿಸಿಕೊಳ್ಳಿ. ಬದಲಾಯಿಸಿದ ಟಗರಿನ ದಾಖಲೆಯೂ ಜೊತೆಗೆ ಹೋಗಲಿ.

ವಿಸ್ತರಣಾ ಕಾರ್ಯಕರ್ತರಿಗೆ: ಜೀನೋಮಿಕ್ ಅಂಕವಿರುವ ವೀರ್ಯ ಅಥವಾ ಪರೀಕ್ಷೆಯನ್ನು ಯಾರೇ ಶಿಫಾರಸು ಮಾಡಿದರೂ ನಾಲ್ಕು ಪ್ರಶ್ನೆಗಳನ್ನು ಕೇಳಿ, ರೈತರೂ ಕೇಳುವಂತೆ ತಿಳಿಸಿ. ಈ ಅಂಕ ಯಾವ ತಳಿಯ ಆಧಾರ ಸಮೂಹದಿಂದ ಬಂದದ್ದು? ಆ ಸಮೂಹದಲ್ಲಿ ಅಳತೆಯಾದ ಪ್ರಾಣಿಗಳೆಷ್ಟು, ಯಾವ ಪ್ರದೇಶದವು? ಅಂಕದ ನಿಖರತೆ ಎಷ್ಟು? ಯಾವ ಯಾವ ಗುಣಗಳಿಗೆ ಅಂಕವಿದೆ, ಫಲವಂತಿಕೆ ಮತ್ತು ಆರೋಗ್ಯ ಅವುಗಳಲ್ಲಿ ಸೇರಿವೆಯೇ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಆ ಅಂಕ ಕೇವಲ ಪ್ರಚಾರದ ಸಂಖ್ಯೆ.

ರೈತರು ಕೇಳುವ ಇನ್ನೊಂದು ಪ್ರಶ್ನೆಗೂ ಸ್ಪಷ್ಟ ಉತ್ತರ ಅಗತ್ಯ: ಎರಡು ಮೂರು ಹಸುಗಳಿರುವ ಸಣ್ಣ ರೈತ ತನ್ನ ಖರ್ಚಿನಲ್ಲಿ ಚಿಪ್ ಪರೀಕ್ಷೆ ಮಾಡಿಸಬೇಕೇ? ಸದ್ಯಕ್ಕೆ ಅಗತ್ಯವಿಲ್ಲ. ಜೀನೋಮಿಕ್ ಆಯ್ಕೆಯ ದೊಡ್ಡ ಲಾಭ ವೀರ್ಯ ಕೇಂದ್ರಗಳಿಗೆ ಹೋರಿಗಳನ್ನು ಆರಿಸುವ ಹಂತದಲ್ಲಿದೆ. ಒಂದು ಹೋರಿಯಿಂದ ಸಾವಿರಾರು ಕರುಗಳು ಹುಟ್ಟುವುದರಿಂದ ಆ ಲಾಭ ಒಳ್ಳೆಯ ವೀರ್ಯ ನಳಿಕೆಯ ಮೂಲಕವೇ ನಿಮ್ಮ ಕೊಟ್ಟಿಗೆ ತಲುಪುತ್ತದೆ. ನಿಮ್ಮಿಂದ ಆಗಬೇಕಾದ ಕಾಣಿಕೆ ಪರೀಕ್ಷೆಯ ಶುಲ್ಕವಲ್ಲ, ಅಳತೆಯ ದಾಖಲೆ.

ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡ, ಕೃಷ್ಣಾ ವ್ಯಾಲಿಯಂತಹ ನಮ್ಮ ತಳಿಗಳ ವಿಷಯದಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಸಂಖ್ಯೆ ಕಡಿಮೆಯಿರುವ ತಳಿಗೆ ಹೊರಗಿನವರು ಆಧಾರ ಸಮೂಹವನ್ನು ಕಟ್ಟಿಕೊಡಲಾರರು. ಆಂಗಸ್ ಸಾಕುವವರು ಚಿಪ್ಪಿಗಾಗಿ ಕಾಯದೆ ದಶಕಗಳ ಕಾಲ ತೂಗಿದರು, ಬರೆದರು. ಚಿಪ್ ಬಂದಾಗ ಅದಕ್ಕೆ ಓದಲು ಅವರಲ್ಲಿ ಪುಸ್ತಕ ಸಿದ್ಧವಿತ್ತು. ನಮ್ಮಲ್ಲಿ ಚಿಪ್ ಮೊದಲು ಬಂದಿದೆ. ದಾಖಲೆಯ ಪುಸ್ತಕದ ಬಹುಪಾಲು ಪುಟಗಳು ಇನ್ನೂ ಖಾಲಿಯಿವೆ. ಮುಂದಿನ ಮರಿ ಹುಟ್ಟಿದ ದಿನವೇ ಮೊದಲ ಸಾಲನ್ನು ಬರೆಯಲು ಆರಂಭಿಸಿ. ತೂಗುವ, ದಾಖಲಿಸುವ ಕ್ರಮದ ಬಗ್ಗೆ ಸಂದೇಹವಿದ್ದಲ್ಲಿ ಸಮೀಪದ ಪಶು ಆಸ್ಪತ್ರೆ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ.